ಮರಣಶಾಸನವೂ ದಾಸೋಹವೂ

॥ ಶ್ರೀ ಗುರುಬಸವಲಿಂಗಾಯ ನಮಃ ॥

ಚರಿತ್ರೆಯೆಂದೊಡನೆ ನಮ್ಮ ಜನರ ಮನಸ್ಸು ಅರಸರ ಕಡೆಗೆ ಹರಿಯುವುದು ವಾಡಿಕೆಯಾಗಿರುವುದು. ಯಾವ ದೊರೆಯು ಯಾವ ಕೋಟೆಯನ್ನು ಗೆದ್ದನು, ಯಾವ ದಂಡನಾಯಕನು ಯಾವ ದೇಗುಲವನ್ನು ಕಟ್ಟಿಸಿದನು ಎಂಬ ಸಂಗತಿಗಳು ಕಲ್ಲಿನ ಮೇಲೆ ಕೆತ್ತಲ್ಪಟ್ಟು ಇಂದಿಗೂ ಓದಲ್ಪಡುತ್ತಿವೆ. ಆದರೆ ಗೃಹಸ್ಥನ ಮನೆಯ ಪೆಟ್ಟಿಗೆಯಲ್ಲಿ ಬಟ್ಟೆಯಿಂದ ಸುತ್ತಿ ಇಟ್ಟಿರುವ ಕಾಗದಪತ್ರಗಳೂ ಒಂದು ಬಗೆಯ ಶಾಸನಗಳೇ ಸರಿ. ಕ್ರಯಪತ್ರ, ಪಾಲುಪಟ್ಟಿ, ದತ್ತಕಪತ್ರ, ಸಾಲದ ಚೀಟಿ, ಕಂದಾಯದ ರಸೀದಿ, ಲೆಕ್ಕದ ಪುಸ್ತಕ ಇವೆಲ್ಲವೂ ಒಂದು ಮನೆತನದ ಏಳುಬೀಳುಗಳನ್ನು ಯಾವ ಕವಿಯೂ ಹೇಳಲಾರದಷ್ಟು ನಿಷ್ಠುರವಾಗಿ ಹೇಳುತ್ತವೆ. ಇವುಗಳಲ್ಲಿ ಕಟ್ಟಕಡೆಯದು ಮರಣಶಾಸನವು. ಮೈಸೂರು ಸೀಮೆಯಲ್ಲಿ ಇದನ್ನೇ ಉಯಿಲೆಂದೂ, ಬೆಳಗಾವಿ ಧಾರವಾಡಗಳ ಕಡೆಯಲ್ಲಿ ಮೃತ್ಯುಪತ್ರವೆಂದೂ ಕರೆಯುವರು. ಮನುಷ್ಯನು ತಾನು ಗಳಿಸಿದುದನ್ನು ತನ್ನ ತರುವಾಯ ಯಾರಿಗೆ, ಯಾವ ಉದ್ದೇಶಕ್ಕೆ ಸಲ್ಲಬೇಕೆಂದು ಬಯಸಿದನೋ ಅದನ್ನು ಬರೆದಿಡುವ ಈ ಪತ್ರವು ಆತನ ಜೀವಮಾನದ ನಂಬಿಕೆಯನ್ನು ತೂಗುವ ತಕ್ಕಡಿಯಂತಿರುವುದು. ಶ್ರೀ ಮಠದ ಈ ಮಹೋತ್ಸವದ ಸಂಪುಟದಲ್ಲಿ ಅಂತಹ ಕೆಲವು ಪತ್ರಗಳ ಚರಿತ್ರೆಯನ್ನು ಭಕ್ತವೃಂದದ ಮುಂದಿಡುವುದು ಈ ಲೇಖನದ ಉದ್ದೇಶವಾಗಿದೆ.

ನಮ್ಮ ಶರಣರು ಧನವನ್ನು ಹಳಿದವರಲ್ಲ. ಕಾಯಕವಿಲ್ಲದ ಧನವನ್ನೂ, ದಾಸೋಹಕ್ಕೆ ಸಲ್ಲದ ಧನವನ್ನೂ ಹಳಿದವರು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ನೆರೆದ ಶರಣಸಮೂಹದಲ್ಲಿ ಹಗ್ಗ ಹೊಸೆಯುವ ನುಲಿಯ ಚಂದಯ್ಯಗಳಿದ್ದರು, ಬಿದಿರಿನ ಕೆಲಸದ ಮೇದರ ಕೇತಯ್ಯಗಳಿದ್ದರು, ದೋಣಿ ನಡೆಸುವ ಅಂಬಿಗರ ಚೌಡಯ್ಯಗಳಿದ್ದರು. ಅವರವರ ಕೈಕಸುಬೇ ಅವರ ಪೂಜೆಯಾಗಿತ್ತು. ಆಯ್ದಕ್ಕಿ ಮಾರಯ್ಯಗಳು ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಸತಿ ಲಕ್ಕಮ್ಮನು ಆ ಹೆಚ್ಚಿನ ಅಕ್ಕಿಯನ್ನು ಇದ್ದಲ್ಲಿಯೇ ಸುರಿದು ಬರುವಂತೆ ಹೇಳಿದಳೆಂಬ ಕಥೆಯನ್ನು ನಮ್ಮ ಮಕ್ಕಳೂ ಬಲ್ಲರು. ಅಗತ್ಯಕ್ಕೆ ಮೀರಿದುದು ನಮ್ಮದಲ್ಲ ಎಂಬುದೇ ಆ ಕಥೆಯ ತಾತ್ಪರ್ಯವು. ಬದುಕಿರುವಾಗಲೇ ಈ ನಿಯಮವಿದ್ದ ಮೇಲೆ, ದೇಹವು ಬಿದ್ದ ಅನಂತರ ಉಳಿದ ಸ್ವತ್ತಿನ ವಿಷಯದಲ್ಲಿ ಶರಣಧರ್ಮವು ಏನನ್ನು ಬಯಸುವುದೆಂದು ಬೇರೆ ಹೇಳಬೇಕಾಗಿಲ್ಲ. ಕಷ್ಟವಿರುವುದು ಬಯಕೆಯಲ್ಲಲ್ಲ, ಅದನ್ನು ನೆರವೇರಿಸುವುದರಲ್ಲಿ.

ಈ ಕಷ್ಟವನ್ನು ಹಿಂದಿನವರು ಚೆನ್ನಾಗಿ ಅರಿತಿದ್ದರು. ಕರ್ನಾಟಕದ ದಾನಶಾಸನಗಳನ್ನು ಓದಿದವರಿಗೆ ಅವುಗಳ ಮುಕ್ತಾಯದ ರೀತಿಯು ಪರಿಚಿತವಾದುದೇ. ಸೂರ್ಯಚಂದ್ರರಿರುವವರೆಗೆ ದತ್ತಿಯು ನಡೆಯಲೆಂಬ ಹಾರೈಕೆ, ಅಪಹರಿಸಿದವರಿಗೆ ಘೋರವಾದ ಶಾಪ, ಮತ್ತು ಕೊಡುವುದಕ್ಕಿಂತಲೂ ಕೊಟ್ಟುದನ್ನು ಕಾಪಾಡುವುದು ಹೆಚ್ಚಿನ ಪುಣ್ಯವೆಂಬ ಮಾತು, ಇವು ಶಾಸನದಿಂದ ಶಾಸನಕ್ಕೆ ಬರುತ್ತಲೇ ಇರುವುವು. ಕೊಟ್ಟವನು ಹೋಗುವನು, ಭೂಮಿಯು ಉಳಿಯುವುದು, ಕಾಯುವವನು ಬೇಕು; ಶಾಪದ ಮಾತಿನ ಹಿಂದೆ ಇರುವ ಭಯವು ಇದೇ ಆಗಿದೆ.

ಈಗಿನ ರೂಪದ ಮರಣಶಾಸನವು ನಮ್ಮ ದೇಶದಲ್ಲಿ ಬಹು ಪುರಾತನವಾದುದಲ್ಲ. ಧರ್ಮಶಾಸ್ತ್ರಗಳು ದಾಯಭಾಗವನ್ನೂ, ದತ್ತಕವನ್ನೂ, ದಾನವನ್ನೂ ವಿಸ್ತಾರವಾಗಿ ವಿಚಾರಿಸಿರುವುವು. ಸತ್ತ ಮೇಲೆ ಜಾರಿಗೆ ಬರುವ ಪತ್ರದ ಪದ್ಧತಿಯು ಆಂಗ್ಲರ ನ್ಯಾಯಸ್ಥಾನಗಳ ಕಾಲದಲ್ಲಿ ಬೆಳೆದುದು. 1870ನೆಯ ಇಸವಿಯ ಹಿಂದೂ ಉಯಿಲುಗಳ ಕಾಯಿದೆಯು ಬಂಗಾಳದ ಸೀಮೆಗೂ, ಮದರಾಸು ಮುಂಬಯಿ ಪಟ್ಟಣಗಳಿಗೂ ಅನ್ವಯಿಸಿತು. ಪತ್ರವು ಲಿಖಿತವಾಗಿರಬೇಕು, ಇಬ್ಬರು ಸಾಕ್ಷಿಗಳು ರುಜು ಹಾಕಿರಬೇಕು ಎಂಬ ನಿಯಮವು ಹಿಂದೂ ಜನರ ಎಲ್ಲ ಉಯಿಲುಗಳಿಗೂ ವ್ಯಾಪಿಸಿದುದು 1925ನೆಯ ಇಸವಿಯ ಭಾರತೀಯ ಉತ್ತರಾಧಿಕಾರ ಕಾಯಿದೆಯ ಮೂಲಕ, 1927ನೆಯ ಇಸವಿ ಜನವರಿ 1ನೆಯ ತಾರೀಖಿನಿಂದ ಈಚೆಗೆ. ಇದಕ್ಕೆ ಇಪ್ಪತ್ತು ವರುಷ ಮೊದಲೇ, ಅಂತಹ ಕಟ್ಟುಕಟ್ಟಳೆಗಳ ಆಸರೆಯಿಲ್ಲದ ಬೆಳಗಾವಿಯ ಸೀಮೆಯಲ್ಲಿ ಬರೆಯಲ್ಪಟ್ಟ ಮೃತ್ಯುಪತ್ರವೊಂದು ವೀರಶೈವ ಲಿಂಗಾಯತ ಸಮಾಜದ ಭಾಗ್ಯವನ್ನೇ ತಿರುಗಿಸಿತು. ಅದುವೇ ತ್ಯಾಗವೀರ ಸಿರಸಂಗಿ ಲಿಂಗರಾಜರ ಮೃತ್ಯುಪತ್ರವು.

ಲಿಂಗರಾಜರು ಹುಟ್ಟಿದುದು ಅರಮನೆಯಲ್ಲಲ್ಲ. 1861ನೆಯ ಇಸವಿ ಜನವರಿ 10ರಂದು ಶಿಗ್ಲಿ ಗ್ರಾಮದ ಮಡ್ಲಿ ಮನೆತನದಲ್ಲಿ ಜನಿಸಿದ ಅವರಿಗೆ ತಾಯಿತಂದೆಗಳು ಇಟ್ಟ ಹೆಸರು ರಾಮಪ್ಪನೆಂದು. ಬಾಲ್ಯದಲ್ಲಿಯೇ ಸಿರಸಂಗಿ ನವಲಗುಂದದ ದೇಸಗತಿಯ ಮನೆಗೆ ದತ್ತಕವಾಗಿ ಹೋಗಿ ಲಿಂಗರಾಜರೆನಿಸಿದರು. ಸಿರಸಂಗಿಯು ಸವದತ್ತಿಯ ಸೀಮೆಗೆ ಸೇರಿದ ಊರು. ಕಮ್ಮಾರ, ಬಡಗಿ, ಅಕ್ಕಸಾಲಿಗ, ಶಿಲ್ಪಿ ಮೊದಲಾದ ವಿಶ್ವಕರ್ಮ ಜನರಿಗೆ ಕುಲದೇವತೆಯೆನಿಸಿದ ಕಾಳಿಕಾದೇವಿಯ ಕ್ಷೇತ್ರ. ಕುಶಲಕರ್ಮಿಗಳು ನಡೆದುಕೊಳ್ಳುವ ಆ ಊರಿನ ವತನದಾರಿಕೆಯು ಒಬ್ಬ ಒಕ್ಕಲು ಮನೆಯ ಬಾಲಕನ ಕೈಗೆ ಬಂದುದನ್ನು ಶಿವಸಂಕಲ್ಪವೆಂದೇ ಭಾವಿಸಬಹುದು. ದತ್ತಕದಿಂದ ಬಂದ ಐಶ್ವರ್ಯವು ತನ್ನ ಬೆವರಿನದಲ್ಲವೆಂಬ ಅರಿವು ಅವರ ಮುಂದಿನ ನಡೆಯಲ್ಲೆಲ್ಲಾ ಕಂಡುಬರುವುದು.

ಆ ಕಾಲದ ಸಮಾಜದ ಸ್ಥಿತಿಯನ್ನು ನೆನೆಯದೆ ಅವರ ತ್ಯಾಗದ ಬೆಲೆಯು ತಿಳಿಯದು. ನಮ್ಮವರು ಒಕ್ಕಲುತನದಲ್ಲಿಯೂ ವ್ಯಾಪಾರದಲ್ಲಿಯೂ ನುರಿತವರಾಗಿದ್ದರೂ ಹೊಸ ವಿದ್ಯೆಯಲ್ಲಿ ಬಹಳ ಹಿಂದುಳಿದಿದ್ದರು. ಓದುವ ಬಡ ಹುಡುಗನಿಗೆ ಊಟಕ್ಕೂ ಪುಸ್ತಕಕ್ಕೂ ಗತಿಯಿರಲಿಲ್ಲ. ಅರಟಾಳ ರುದ್ರಗೌಡರೇ ಮೊದಲಾದವರು 1883ರಲ್ಲಿ ಧಾರವಾಡದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿಯ ಸಂಸ್ಥೆಯನ್ನು ಹೂಡಿ, ಹಣ ಕೂಡಿಸಿ, ವಿದ್ಯಾರ್ಥಿಗಳಿಗೆ ನೆರವಾಗತೊಡಗಿದರು. 1904ರಲ್ಲಿ ಹಾನಗಲ್ಲ ಶ್ರೀ ಕುಮಾರಸ್ವಾಮಿಗಳ ಸಂಕಲ್ಪದಿಂದ ಅಖಿಲ ಭಾರತ ವೀರಶೈವ ಮಹಾಸಭೆಯು ಸ್ಥಾಪಿತವಾಗಿ ಅದರ ಮೊದಲನೆಯ ಅಧಿವೇಶನವು ಧಾರವಾಡದಲ್ಲಿ ಕೂಡಿದಾಗ, ಅಧ್ಯಕ್ಷಪೀಠವನ್ನು ಅಲಂಕರಿಸಿದವರು ಲಿಂಗರಾಜರೇ. ಸಭೆಯಲ್ಲಿ ಆಡಿದ ಮಾತಿಗೂ ಮನೆಯಲ್ಲಿ ಬರೆಯುವ ಪತ್ರಕ್ಕೂ ಅಂತರವಿರುವುದು ಲೋಕದಲ್ಲಿ ಸಾಮಾನ್ಯವು. ಅವರಲ್ಲಿ ಆ ಅಂತರವು ಉಳಿಯಲಿಲ್ಲ. 1906ನೆಯ ಇಸವಿ ಆಗಸ್ಟ್ 23ರಂದು, ತಮ್ಮ ನಾಲ್ವತ್ತೈದನೆಯ ವಯಸ್ಸಿನಲ್ಲಿ, ಅವರು ಲಿಂಗೈಕ್ಯರಾದರು. ಹಿಂದೆ ಉಳಿದುದು ಸಮಸ್ತ ಸ್ವತ್ತನ್ನೂ ಸಮಾಜದ ಮಕ್ಕಳ ವಿದ್ಯೆಗಾಗಿ ಮೀಸಲಿಟ್ಟ ಆ ಮೃತ್ಯುಪತ್ರವು.

ಇಲ್ಲಿ ವಾಚಕರು ಒಂದು ವಿಷಯವನ್ನು ಮನಗಾಣಬೇಕು. ಪುತ್ರಸಂತಾನವಿಲ್ಲದ ವತನದಾರನು ದತ್ತಕವನ್ನು ತೆಗೆದುಕೊಂಡು ಮನೆತನವನ್ನು ಮುಂದುವರಿಸುವುದು ನಮ್ಮ ದೇಶದ ಕ್ರಮವು. ಲಿಂಗರಾಜರು ತಾವೇ ಅಂತಹ ದತ್ತಕದಿಂದ ಬಂದವರು. ಆದರೆ ಅವರು ಒಬ್ಬ ಬಾಲಕನನ್ನು ಆರಿಸಿ ಸ್ವತ್ತನ್ನೆಲ್ಲಾ ಅವನ ಮಡಿಲಿಗೆ ಹಾಕುವ ಬದಲಾಗಿ, ಓದಬಯಸುವ ಬಾಲಕರನ್ನೆಲ್ಲಾ ತಮ್ಮ ಉತ್ತರಾಧಿಕಾರಿಗಳನ್ನಾಗಿ ಮಾಡಿದರು. ದತ್ತಕದ ಅರ್ಥವನ್ನು ಇಷ್ಟು ವಿಶಾಲವಾಗಿ ಮಾಡಿದವರು ವಿರಳ.

ಆದರೂ ಪತ್ರವನ್ನು ಬರೆದ ಮಾತ್ರಕ್ಕೆ ಕಾರ್ಯವು ಕೈಗೂಡಲಿಲ್ಲ. ಅವರ ಇಚ್ಛೆಯಂತೆ ನವಲಗುಂದ ಸಿರಸಂಗಿ ಟ್ರಸ್ಟು ಕಾರ್ಯರೂಪಕ್ಕೆ ಬಂದುದು 1930ರಲ್ಲಿ. 1906ಕ್ಕೂ 1930ಕ್ಕೂ ನಡುವೆ ಇಪ್ಪತ್ತನಾಲ್ಕು ವರುಷಗಳು. ಲಿಂಗರಾಜರ ನಿಧನದ ವರುಷದಲ್ಲಿ ಹುಟ್ಟಿದ ಶಿಶುವು ತನ್ನ ಓದನ್ನೆಲ್ಲಾ ಮುಗಿಸಿ ಗೃಹಸ್ಥನಾಗುವಷ್ಟು ದೀರ್ಘವಾದ ಕಾಲವು ಅದು. ಜಿಲ್ಲೆಯ ಕಲೆಕ್ಟರರ ಅಧ್ಯಕ್ಷತೆಯಲ್ಲಿ ನಡೆಯುವಂತೆ ಏರ್ಪಟ್ಟ ಆ ನಿಧಿಯಿಂದ ತರುವಾಯ ಅಸಂಖ್ಯ ವಿದ್ಯಾರ್ಥಿಗಳಿಗೆ ನೆರವು ದೊರೆಯಿತು. ಬೆಳಗಾವಿಯಲ್ಲಿ 1916ರಲ್ಲಿ ಏಳು ಮಂದಿ ಶಿಕ್ಷಕರು ಆರಂಭಿಸಿದ ಕರ್ನಾಟಕ ಲಿಂಗಾಯತ ವಿದ್ಯಾಸಂಸ್ಥೆಯು 1933ರಲ್ಲಿ ತೆರೆದ ಮಹಾವಿದ್ಯಾಲಯಕ್ಕೆ ಲಿಂಗರಾಜರ ಹೆಸರನ್ನೇ ಇಟ್ಟಿತು. ಶಿಗ್ಲಿಯ ರಾಮಪ್ಪನ ಹೆಸರನ್ನು ಇಂದು ಸಾವಿರಾರು ಮನೆಗಳ ಮಕ್ಕಳು ತಮ್ಮ ವಿದ್ಯೆಯ ಪ್ರಮಾಣಪತ್ರದಲ್ಲಿ ಹೊತ್ತು ಬರುತ್ತಿರುವರು.

ಇದಕ್ಕೆ ಜೋಡಿಯಾಗಿ ನಮ್ಮ ಬೆಂಗಳೂರಿನ ಧರ್ಮಪ್ರವರ್ತ ರಾವ್ ಬಹದ್ದೂರ್ ಗುಬ್ಬಿ ತೋಟದಪ್ಪನವರನ್ನು ಸ್ಮರಿಸುವುದು ಉಚಿತವು. 1838ರಲ್ಲಿ ಗುಬ್ಬಿಯಲ್ಲಿ ಜನಿಸಿ, ಬೆಂಗಳೂರಿನಲ್ಲಿ ವ್ಯಾಪಾರದಿಂದ ಧನವಂತರಾದ ಈ ಪುಣ್ಯಪುರುಷರು, ರೈಲಿನಿಂದ ಇಳಿದ ಯಾತ್ರಿಕನಿಗೆ ತಂಗಲು ನೆಲೆಯಿಲ್ಲದುದನ್ನು ಕಂಡು ನಿಲ್ದಾಣದ ಸಮೀಪದಲ್ಲಿಯೇ ಧರ್ಮಛತ್ರವನ್ನು ಕಟ್ಟಿಸಿದರು. 1903ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರವರು ಅದರ ಪ್ರಾರಂಭೋತ್ಸವವನ್ನು ನೆರವೇರಿಸಿದರು. ವಿದ್ಯಾರ್ಥಿಗಳಿಗೆ ವಸತಿಯೂ ಏರ್ಪಟ್ಟಿತು. 1910ರಲ್ಲಿ ಅವರು ಲಿಂಗೈಕ್ಯರಾಗುವುದಕ್ಕೆ ಮುಂಚೆಯೇ ಆ ಧರ್ಮವನ್ನು ನಂಬಿಕೆಯ ಹಿರಿಯರ ಕೈಗೆ ಒಪ್ಪಿಸಿದ್ದರು. ಕೊಡುವ ಕಾರ್ಯವನ್ನು ಬದುಕಿರುವಾಗಲೇ ಆರಂಭಿಸಿ, ಕಾಯುವವರನ್ನು ಕಣ್ಣಾರೆ ನೋಡಿ ಆರಿಸಿದುದರಿಂದ ಆ ಧರ್ಮವು ಒಂದು ದಿನವೂ ಅನಾಥವಾಗಲಿಲ್ಲ.

ವತನದಾರರೂ ವರ್ತಕರೂ ಹೀಗೆ ಮಾಡಿದರು. ಕೈಕಸುಬಿನಿಂದ ಬದುಕುವವನಿಗೆ ಮರಣಶಾಸನದ ಗೊಡವೆಯೇಕೆ ಎಂದು ಯಾರಾದರೂ ಕೇಳಬಹುದು. ಅಂತಹವರಿಗಾಗಿ ಕಡಲಾಚೆಯ ಒಬ್ಬ ಕಾಯಕಜೀವಿಯ ದೃಷ್ಟಾಂತವನ್ನು ಹೇಳುವೆನು. ಅಮೆರಿಕಾ ಖಂಡದಲ್ಲಿ ಆಂಗ್ಲರ ವಸಾಹತುಗಳಿದ್ದ ಕಾಲದಲ್ಲಿ, 1706ರಲ್ಲಿ, ಬಾಸ್ಟನ್ ನಗರದಲ್ಲಿ ಮೇಣದ ಬತ್ತಿಯನ್ನೂ ಸಾಬೂನನ್ನೂ ಮಾಡಿ ಮಾರುವ ಬಡ ಸಂಸಾರಿಯ ಮನೆಯಲ್ಲಿ ಬೆಂಜಮಿನ್ ಫ್ರಾಂಕ್ಲಿನ್ನನು ಹುಟ್ಟಿದನು. ಹನ್ನೆರಡನೆಯ ವಯಸ್ಸಿನಲ್ಲಿ ಅಣ್ಣನ ಅಚ್ಚುಕೂಟದಲ್ಲಿ ಶಿಷ್ಯವೃತ್ತಿಗೆ ನಿಂತು ಮೊಳೆ ಜೋಡಿಸುವುದನ್ನು ಕಲಿತನು. ಫಿಲಡೆಲ್ಫಿಯಾ ನಗರಕ್ಕೆ ಬಂದು, ಇಬ್ಬರು ಮಿತ್ರರು ಕೊಟ್ಟ ಸಾಲದ ಬಲದಿಂದ ತನ್ನ ಅಚ್ಚುಕೂಟವನ್ನು ನಿಲ್ಲಿಸಿದನು. ಮುಂದೆ ಸಿಡಿಲಿನ ವಿದ್ಯುತ್ತನ್ನು ಶೋಧಿಸಿದ ವಿದ್ವಾಂಸನೂ, ಫ್ರಾನ್ಸಿನ ಅರಸನ ಬಳಿಯಲ್ಲಿ ತನ್ನ ದೇಶದ ರಾಯಭಾರಿಯೂ ಆದನು. ಇಷ್ಟಾದರೂ 1788ನೆಯ ಇಸವಿ ಜುಲೈ 17ರಂದು ಬರೆಸಿದ ಮರಣಶಾಸನದಲ್ಲಿ ತನ್ನ ಹೆಸರಿನ ಮುಂದೆ ಮೊಟ್ಟಮೊದಲು ಹಾಕಿಕೊಂಡ ಬಿರುದು ಮುದ್ರಣಕಾರನೆಂಬುದು. ರಾಯಭಾರದ ಪದವಿಯು ಅದರ ಅನಂತರ ಬರುವುದು. ಕಾಯಕದ ಅಭಿಮಾನವೆಂದರೆ ಹೀಗಿರಬೇಕು.

ಆ ಪತ್ರದ ವಿವರಗಳು ಒಂದು ಕುಟುಂಬದ ಒಳಕಥೆಯನ್ನೇ ತೆರೆದಿಡುತ್ತವೆ. ಅಚ್ಚಿನ ಮೊಳೆಗಳೂ, ಅವನ್ನು ಎರಕ ಹೊಯ್ಯುವ ಉಪಕರಣಗಳೂ ಅದೇ ಕಸುಬನ್ನು ಹಿಡಿದ ಮೊಮ್ಮಗನಿಗೆ ಸಂದವು. ಸ್ವಾತಂತ್ರ್ಯದ ಯುದ್ಧದಲ್ಲಿ ತನಗೆ ವಿರೋಧವಾಗಿ ನಿಂತ ಮಗನಿಗೆ ದೂರದ ಒಂದಿಷ್ಟು ಭೂಮಿಯ ಹಕ್ಕೂ ಆತನಲ್ಲಿಯೇ ಇದ್ದ ಪುಸ್ತಕಗಳೂ ಹೊರತು ಹೆಚ್ಚಿನದೇನೂ ದೊರೆಯಲಿಲ್ಲ. ಮಗಳಿಗೆ ಫ್ರಾನ್ಸಿನ ಅರಸನು ಕೊಟ್ಟಿದ್ದ, 408 ವಜ್ರಗಳು ಸುತ್ತಲೂ ಕೂಡಿಸಲ್ಪಟ್ಟ ಚಿತ್ರವು ಬಂದಿತು. ಆದರೆ ಆ ವಜ್ರಗಳನ್ನು ಒಡವೆಯಾಗಿ ಮಾಡಿಸಿಕೊಂಡು ಆಡಂಬರದ ವಾಡಿಕೆಗೆ ದಾರಿ ಮಾಡಬಾರದೆಂದು ತಂದೆಯು ಕೇಳಿಕೊಂಡನು. ಅಳಿಯನು ತನಗೆ ಕೊಡಬೇಕಾಗಿದ್ದ ಎರಡು ಸಾವಿರ ಪೌಂಡಿಗೂ ಮೀರಿದ ಸಾಲವನ್ನು ಬಿಟ್ಟುಕೊಟ್ಟು, ಅದಕ್ಕೆ ಪ್ರತಿಯಾಗಿ ಅವನ ಮನೆಯಲ್ಲಿದ್ದ ಬಾಬ್ ಎಂಬ ಗುಲಾಮನನ್ನು ಬಿಡುಗಡೆ ಮಾಡಬೇಕೆಂದು ಬರೆಯಿಸಿದನು. ಒಂದು ಕಾಲದಲ್ಲಿ ತಾನೇ ಗುಲಾಮರನ್ನಿಟ್ಟುಕೊಂಡಿದ್ದ ಮನುಷ್ಯನ ಮನಸ್ಸು ವೃದ್ಧಾಪ್ಯದಲ್ಲಿ ತಿರುಗಿದುದಕ್ಕೆ ಆ ಒಂದು ಸಾಲೇ ಸಾಕ್ಷಿಯು.

ಎಲ್ಲಕ್ಕಿಂತ ಮುಖ್ಯವಾದುದು 1789ನೆಯ ಇಸವಿ ಜೂನ್ 23ರಂದು ಅದಕ್ಕೆ ಸೇರಿಸಿದ ಅನುಬಂಧವು. ಹುಟ್ಟಿದ ಬಾಸ್ಟನ್ನಿಗೂ, ಬೆಳೆದ ಫಿಲಡೆಲ್ಫಿಯಾಕ್ಕೂ ತಲಾ ಒಂದು ಸಾವಿರ ಪೌಂಡುಗಳನ್ನು ಬಿಟ್ಟು, ಶಿಷ್ಯವೃತ್ತಿಯನ್ನು ಮುಗಿಸಿದ, ಇಪ್ಪತ್ತೈದು ವರುಷಕ್ಕೆ ಒಳಗಾದ, ವಿವಾಹಿತರಾದ ಕೈಕಸುಬಿನ ತರುಣರಿಗೆ ನೂರಕ್ಕೆ ಐದರ ಬಡ್ಡಿಯಂತೆ ಅದನ್ನು ಸಾಲವಾಗಿ ಕೊಡಬೇಕೆಂದು ವಿಧಿಸಿದನು. ಒಬ್ಬೊಬ್ಬನಿಗೆ 15 ಪೌಂಡಿಗೆ ಕಡಿಮೆಯಿಲ್ಲದೆ, 60 ಪೌಂಡಿಗೆ ಮೀರದೆ ಕೊಡತಕ್ಕದ್ದು. ಇಬ್ಬರು ಗಣ್ಯರು ಜಾಮೀನು ನಿಲ್ಲತಕ್ಕದ್ದು. ವರುಷಕ್ಕೆ ಅಸಲಿನ ಹತ್ತನೆಯ ಒಂದು ಪಾಲನ್ನು ಬಡ್ಡಿಯೊಡನೆ ತೀರಿಸತಕ್ಕದ್ದು. ತಾನು ತರುಣನಾಗಿದ್ದಾಗ ದೊರೆತ ಸಾಲವೇ ತನ್ನ ಏಳಿಗೆಗೆ ಬುನಾದಿಯಾದುದನ್ನು ಅವನು ಮರೆತಿರಲಿಲ್ಲ. ನೂರು ವರುಷಗಳ ಅನಂತರ ಬೆಳೆದ ಹಣದ ಬಹುಪಾಲನ್ನು ಊರಿನ ಹಿತಕಾರ್ಯಕ್ಕೆ ವೆಚ್ಚಮಾಡಿ, ಉಳಿದುದನ್ನು ಇನ್ನೊಂದು ನೂರು ವರುಷ ಹಾಗೆಯೇ ನಡೆಸಬೇಕೆಂಬುದು ಅವನ ಅಭಿಪ್ರಾಯವು. 1790ರ ಏಪ್ರಿಲ್ 17ರಂದು ಅವನು ತೀರಿಕೊಂಡನು.

ಇನ್ನೂರು ವರುಷಗಳ ಚರಿತ್ರೆಯು ಅವನ ಲೆಕ್ಕದಂತೆ ನಡೆಯಲಿಲ್ಲವೆಂಬುದನ್ನೂ ಹೇಳಬೇಕು. ಕಾರ್ಖಾನೆಗಳು ಬಂದು ಹಳೆಯ ಶಿಷ್ಯವೃತ್ತಿಯ ಪದ್ಧತಿಯು ಕ್ಷೀಣಿಸಿತು. ಸಾಲ ಕೇಳುವ ತರುಣರು ವಿರಳರಾದರು. ಕೊನೆಗೆ ನಲವತ್ತು ಲಕ್ಷ ಪೌಂಡು ಆಗುವುದೆಂದು ಅವನು ಎಣಿಸಿದ್ದನು. 1990ರ ಸುಮಾರಿಗೆ ಅವಧಿಯು ಮುಗಿದಾಗ ಬಾಸ್ಟನ್ನಿನಲ್ಲಿದ್ದುದು ಐವತ್ತು ಲಕ್ಷ ಡಾಲರಿಗೆ ಸಮೀಪವಾದ ಮೊತ್ತವು, ಫಿಲಡೆಲ್ಫಿಯಾದಲ್ಲಿ ಅದರ ಅರ್ಧಕ್ಕೂ ಕಡಿಮೆ. ಹೀಗಿದ್ದರೂ ಬಾಸ್ಟನ್ನಿನವರು ಆ ಹಣದಿಂದ 1908ರಲ್ಲಿ ಕೈಗಾರಿಕೆಯ ವಿದ್ಯೆಯನ್ನು ಕಲಿಸುವ ಶಾಲೆಯನ್ನು ತೆರೆದು, ಕೊಟ್ಟವನ ಇಂಗಿತವನ್ನು ಕಾಲಕ್ಕೆ ತಕ್ಕಂತೆ ಉಳಿಸಿಕೊಂಡರು. ಒಂದೇ ದಿನ ಬರೆದ, ಒಂದೇ ಮೊತ್ತದ ಎರಡು ದತ್ತಿಗಳು ಎರಡು ಊರುಗಳಲ್ಲಿ ಎರಡು ಬಗೆಯಾಗಿ ಬೆಳೆದುದಕ್ಕೆ ಕಾರಣವೇನು? ಕೊಟ್ಟವನು ಒಬ್ಬನೇ, ಕಾದವರು ಬೇರೆ ಬೇರೆ. ನಮ್ಮ ದಾನಶಾಸನಗಳ ಮಾತು ಎಷ್ಟು ದಿಟವಾದುದು!

ಈ ದೃಷ್ಟಾಂತಗಳನ್ನು ಒಟ್ಟಿಗಿಟ್ಟು ನೋಡಿದರೆ ಒಂದು ತತ್ತ್ವವು ಹೊಳೆಯುವುದು. ಮರಣಶಾಸನದ ಯೋಗ್ಯತೆಯು ಬಿಟ್ಟುಹೋದ ಧನದ ಗಾತ್ರದಲ್ಲಿಲ್ಲ. ಒಬ್ಬನ ಕಾಯಕವು ಆತನೊಡನೆಯೇ ನಿಂತುಹೋಗದೆ ಇನ್ನೊಬ್ಬರ ಕೈಯಲ್ಲಿ ಮುಂದುವರಿಯುವಂತೆ ಮಾಡಿತೇ ಇಲ್ಲವೇ ಎಂಬುದರಲ್ಲಿದೆ. ಹಾಗೆ ಮುಂದುವರಿಯಬೇಕಾದರೆ ಉದ್ದೇಶವು ಸ್ಪಷ್ಟವಾಗಿರಬೇಕು, ಕಾಯುವವರು ಪ್ರಾಮಾಣಿಕರಾಗಿರಬೇಕು, ಲೆಕ್ಕವು ತೆರೆದಿರಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ದಾಸೋಹವು ವ್ಯಾಜ್ಯವಾಗಿ ಪರಿಣಮಿಸುವುದು.

ಇದನ್ನು ಬೊಮ್ಮನಹಳ್ಳಿಯ ಭಕ್ತರ ಮುಂದೆ ಹೇಳುವುದಕ್ಕೆ ವಿಶೇಷವಾದ ಕಾರಣವುಂಟು. ಹೊಸೂರು ರಸ್ತೆಯ ಈ ಸೀಮೆಯು ಒಂದು ಕಾಲದಲ್ಲಿ ರಾಗಿಯ ಹೊಲಗಳ ಸೀಮೆಯಾಗಿತ್ತು. ದಕ್ಷಿಣಕ್ಕೆ 1978ರಲ್ಲಿ ಇಲೆಕ್ಟ್ರಾನಿಕ್ ಸಿಟಿಯು ಆರಂಭವಾಯಿತು. ರಸ್ತೆಯ ಇಕ್ಕೆಲಗಳಲ್ಲಿ ಸಿದ್ಧ ಉಡುಪಿನ ಕಾರ್ಖಾನೆಗಳೂ ಸಣ್ಣ ಸಣ್ಣ ಯಂತ್ರಶಾಲೆಗಳೂ ಎದ್ದವು. 2007ರಲ್ಲಿ ಊರು ಬೆಂಗಳೂರಿನ ಮಹಾನಗರ ಪಾಲಿಕೆಯ ಮೇರೆಯೊಳಗೆ ಸೇರಿಹೋಯಿತು. ಗುಂಟೆಯ ಲೆಕ್ಕದಲ್ಲಿದ್ದ ಭೂಮಿಯು ಅಡಿಯ ಲೆಕ್ಕಕ್ಕೆ ಬಂದಿತು. ತಾತನ ಕಾಲದಲ್ಲಿ ಒಂದೇ ಒಲೆಯ ಅನ್ನವನ್ನುಂಡ ಮನೆಗಳಲ್ಲಿ ಅಣ್ಣತಮ್ಮಂದಿರು ನ್ಯಾಯಾಲಯದ ಮೆಟ್ಟಿಲಿನ ಮೇಲೆ ಮುಖ ತಿರುಗಿಸಿ ನಿಲ್ಲುವಂತಾಯಿತು. ಪಹಣಿಯು ಸತ್ತವರ ಹೆಸರಿನಲ್ಲಿಯೇ ಇರುವುದು, ಪೌತಿ ಖಾತೆಯು ಆಗದಿರುವುದು, ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರನ್ನು ಬಿಟ್ಟಿರುವುದು, ಇವೇ ಬಹುಮಟ್ಟಿನ ಜಗಳಗಳಿಗೆ ಬೀಜವು.

ಹೆಣ್ಣುಮಕ್ಕಳ ಮಾತನ್ನು ಇಲ್ಲಿ ಸ್ಪಷ್ಟವಾಗಿ ಹೇಳಬೇಕು. ಮೈಸೂರು ಸಂಸ್ಥಾನವು 1933ರಲ್ಲಿಯೇ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯನ್ನು ತಂದು ದಾರಿ ತೋರಿಸಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಗೆ ಕರ್ನಾಟಕವು 1994ರಲ್ಲಿಯೂ, ಕೇಂದ್ರ ಸರ್ಕಾರವು 2005ರಲ್ಲಿಯೂ ತಿದ್ದುಪಡಿಯನ್ನು ತಂದು, ಪಿತ್ರಾರ್ಜಿತ ಸ್ವತ್ತಿನಲ್ಲಿ ಮಗಳಿಗೆ ಮಗನ ಸಮಾನವಾದ ಹಕ್ಕನ್ನು ಕೊಟ್ಟವು. ಇಷ್ಟಲಿಂಗವನ್ನು ಕೊಡುವಾಗ ಗಂಡು ಹೆಣ್ಣೆಂಬ ಭೇದವನ್ನು ಮಾಡದ ನಮ್ಮ ಧರ್ಮವು ಪಾಲುಪಟ್ಟಿಯಲ್ಲಿ ಭೇದವನ್ನು ಹೇಗೆ ಸೈರಿಸೀತು? ಮಗಳಿಂದ ಬರಿದೆ ರುಜು ಹಾಕಿಸಿಕೊಂಡು ಉಳಿಸಿದ ಭೂಮಿಯಲ್ಲಿ ಅನ್ನದಾಸೋಹವನ್ನು ನಡೆಸಿದರೆ ಅದು ಶಿವನಿಗೆ ಸಲ್ಲುವುದಿಲ್ಲ.

ಆದಕಾರಣ ಗೃಹಸ್ಥನಾದವನು ಕೈಕಾಲು ಗಟ್ಟಿಯಿರುವಾಗಲೇ, ಬುದ್ಧಿಯು ಸ್ವಸ್ಥವಾಗಿರುವಾಗಲೇ, ತನ್ನ ಮರಣಶಾಸನವನ್ನು ಬರೆದಿಡುವುದು ಶ್ರೇಯಸ್ಕರವು. ಅದನ್ನು ಬರೆದ ಮಾತ್ರಕ್ಕೆ ಆಯುಸ್ಸು ಕಡಿಮೆಯಾಗುವುದೆಂಬ ಅಂಜಿಕೆಗೆ ಶಾಸ್ತ್ರದಲ್ಲಿ ಆಧಾರವಿಲ್ಲ; ಮರಣವನ್ನೇ ಮಹಾನವಮಿಯೆಂದು ಭಾವಿಸುವ ಶರಣಮಾರ್ಗದವರಿಗೆ ಅದು ತಕ್ಕುದೂ ಅಲ್ಲ. ಪತ್ರದಲ್ಲಿ ತನ್ನ ಸ್ವಂತ ಪಾಲಿಗೆ ಮೀರಿದುದನ್ನು ಬರೆಯಕೂಡದು. ಇಬ್ಬರು ಸಾಕ್ಷಿಗಳ ರುಜುವಿರಬೇಕು. ನೋಂದಣಿಯು ಕಡ್ಡಾಯವಲ್ಲದಿದ್ದರೂ ಮಾಡಿಸಿದರೆ ಮುಂದಿನ ಸಂಶಯಗಳು ಕಡಿಮೆಯಾಗುವುವು. ಹೊಲಿಗೆಯ ಯಂತ್ರದಿಂದಲೋ ಲೇತಿನಿಂದಲೋ ಅನ್ನವನ್ನು ಸಂಪಾದಿಸುವವನು ತನ್ನಲ್ಲಿ ಭೂಮಿಯಿಲ್ಲವೆಂದು ಕುಗ್ಗಬೇಕಾಗಿಲ್ಲ. ಫ್ರಾಂಕ್ಲಿನ್ನನು ಮೊಮ್ಮಗನಿಗೆ ಮೊಳೆಗಳನ್ನು ಬಿಟ್ಟಂತೆ, ಉಪಕರಣಗಳನ್ನು ಕಲಿಯುವ ಶಿಷ್ಯನಿಗೆ ಬಿಟ್ಟುಹೋಗುವುದೂ ದಾಸೋಹವೇ.

ಕಡೆಯದಾಗಿ, ಗೃಹಸ್ಥರಿಗೆ ಹೇಳಿದ ಮಾತು ಮಠಗಳಿಗೂ ಸಲ್ಲುವುದು. ಭಕ್ತರು ಕೊಟ್ಟ ಹೊಲ, ಮನೆ, ನಾಣ್ಯ, ಬೆಳ್ಳಿಬಂಗಾರಗಳು ಯಾವ ಮಠದ ಸ್ವಂತವೂ ಅಲ್ಲ. ಮಠವು ಅವನ್ನು ಕಾಯುವ ಕೈ ಮಾತ್ರ. ಯಾವ ದತ್ತಿಯು ಯಾವ ಉದ್ದೇಶಕ್ಕೆ ಬಂದಿತು, ಅದರ ಉತ್ಪನ್ನವೆಷ್ಟು, ಎಷ್ಟು ಮಕ್ಕಳಿಗೆ ಅನ್ನವೂ ಅಕ್ಷರವೂ ಸಂದಿತು ಎಂಬುದನ್ನು ಕಡತದಲ್ಲಿ ಬರೆದಿಟ್ಟು, ವರುಷಕ್ಕೊಮ್ಮೆ ಜಾತ್ರೆಯ ಸಮಯದಲ್ಲಿ ಭಕ್ತಸಭೆಯ ಮುಂದೆ ಓದುವ ಪದ್ಧತಿಯು ಎಲ್ಲ ಮಠಗಳಲ್ಲಿಯೂ ನೆಲೆಗೊಳ್ಳಲಿ. ಉತ್ಸವದ ದೀಪಗಳು ಆರಿದ ಮೇಲೂ ಉಳಿಯುವ ಬೆಳಕು ಆ ಕಡತದಲ್ಲಿರುವುದು. ಲಿಂಗರಾಜರಂತಹ ದಾತೃಗಳು ನಮ್ಮಲ್ಲಿ ಮತ್ತೆ ಮತ್ತೆ ಹುಟ್ಟಲಿ. ಆದರೆ ಅವರ ಇಚ್ಛೆಯು ಕೈಗೂಡುವುದಕ್ಕೆ ಮತ್ತೆ ಇಪ್ಪತ್ತನಾಲ್ಕು ವರುಷ ಕಾಯಬೇಕಾಗದಿರಲಿ.

ಕಾಯಕವು ನಿಲ್ಲದಿರಲಿ, ದಾಸೋಹವು ಕುಂದದಿರಲಿ. ಶ್ರೀ ಗುರುಲಿಂಗಜಂಗಮರ ಕೃಪೆಯು ಸರ್ವರ ಮೇಲಿರಲಿ. ಶರಣು ಶರಣಾರ್ಥಿ.

॥ ಮಂಗಳಂ ॥